ಹಾಲು ಒಗ್ಗದ ಕೂಸು

ನಮ್ಮ ಮಗಳು ಮನೆಗೆ ಬಂದಾಗ ಅವಳಿಗೆ ನಾಲ್ಕು ತಿಂಗಳು ತುಂಬಿ ಹನ್ನೊಂದು ದಿನಗಳಾಗಿದ್ದವು. ದತ್ತು ಪಡೆಯಲು ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ಮೇಲೆ ಬಂದ ಮಗು. ಬೇರೆ ಜಿಲ್ಲೆಯ ಶಿಶುಗೃಹದಿಂದ ಅವಳನ್ನು ಕರೆದುಕೊಂಡು ಹೊರಡುವಾಗ ಅಲ್ಲಿಯ ಆಯಾ ನನ್ನ ಕೈಗೆ ಒಂದು ಚೀಲ ಕೊಟ್ಟಳು. ಎರಡು ಅಂಗಿ, ಒಂದು ಬಾಟಲಿ, ಅರ್ಧ ಮುಗಿದ ಪುಡಿ ಹಾಲಿನ ಡಬ್ಬಿ, ಒಂದು ಫೈಲು. ಫೈಲಿನಲ್ಲಿ ಮಗುವಿನ ತೂಕ, ಹಾಕಿಸಿದ ಲಸಿಕೆ, ರಕ್ತದ ಗುಂಪು ಎಲ್ಲ ಬರೆದಿತ್ತು. ಕೊನೆಯ ಹಾಳೆಯಲ್ಲಿ ‘ಮಗು ಆರೋಗ್ಯವಾಗಿದೆ’ ಎಂಬ ಷರಾ. ಆ ಸಾಲನ್ನು ಮುಂದಿನ ತಿಂಗಳುಗಳಲ್ಲಿ ಎಷ್ಟು ಸಲ ಓದಿ ಹಲ್ಲು ಕಡಿದೆನೋ ಲೆಕ್ಕವಿಲ್ಲ.

ನಾನು ಖಾನಾಪುರದ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನನ್ನ ಗಂಡ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಸೂಪರ್‌ವೈಸರ್. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಬರುತ್ತಾರೆ. ಮಗು ಬಂದ ಮೊದಲ ವಾರವಿಡೀ ಕುಡಿದ ಹಾಲನ್ನೆಲ್ಲ ಕಕ್ಕಿತು. ಜಾಗ ಹೊಸದು, ಮುಖಗಳು ಹೊಸವು, ಅದಕ್ಕೇ ಇರಬೇಕು ಎಂದುಕೊಂಡೆವು. ಎರಡನೆಯ ವಾರ ಕೆನ್ನೆಯ ಮೇಲೆ ಕೆಂಪು ಗುಳ್ಳೆಗಳು ಎದ್ದವು. ಬಾಟಲಿ ಬಾಯಿಗಿಟ್ಟರೆ ನಾಲ್ಕು ಗುಟುಕು ಕುಡಿಯುವುದು, ಬೆನ್ನು ಬಿಲ್ಲಿನಂತೆ ಬಾಗಿಸಿ ಕಿರುಚುವುದು, ಮತ್ತೆ ಹಸಿವಿಗೆ ಅಳುವುದು. ಮೂರನೆಯ ವಾರ ಒಂದು ಮಧ್ಯಾಹ್ನ ಲಂಗೋಟಿ ಬಿಚ್ಚಿದಾಗ ಲೋಳೆಯ ನಡುವೆ ದಾರದಂತೆ ತೆಳ್ಳಗೆ ರಕ್ತ ಕಂಡಿತು. ನಾನು ಆ ಬಟ್ಟೆಯನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು, ಮಗುವನ್ನು ಎತ್ತಿಕೊಂಡು, ಹತ್ತಿರದ ದವಾಖಾನೆಗೆ ಓಡಿದೆ.

ಅಲ್ಲಿ ಬಾಗಿಲ ಬಳಿ ಕುಳಿತು ಹೆಸರು ಬರೆದುಕೊಳ್ಳುತ್ತಿದ್ದ ನರ್ಸ್ ನನ್ನ ಕೈಯಲ್ಲಿದ್ದ ಹಾಲಿನ ಬಾಟಲಿ ನೋಡಿ ಕೇಳಿದ ಮೊದಲ ಪ್ರಶ್ನೆ, “ಎದಿ ಹಾಲು ಯಾಕ ಕೊಡಾಂಗಿಲ್ರಿ?”

ನನ್ನ ಹಿಂದೆ ಎಂಟು ಹತ್ತು ಜನ ಸಾಲಿನಲ್ಲಿದ್ದರು. ಅವರಲ್ಲಿ ಒಬ್ಬಳು ನನ್ನ ಹಳೆಯ ವಿದ್ಯಾರ್ಥಿನಿ, ಅವಳ ಕಂಕುಳಲ್ಲೂ ಕೂಸಿತ್ತು. ನನ್ನ ಬಾಯಿಂದ, “ಹಾಲು ಬರಲಿಲ್ರಿ” ಎಂದು ಬಂದುಬಿಟ್ಟಿತು. ಅದನ್ನೇ ಆಕೆ ಚೀಟಿಯಲ್ಲಿ ಬರೆದಳು, ಅದನ್ನೇ ಡಾಕ್ಟರು ಓದಿದರು. ಹೊಟ್ಟೆಯ ಸೋಂಕು ಎಂದು ಮಗುವಿಗೆ ಒಂದು ಔಷಧ ಬರೆದರು. ನನಗೆ, ಎದೆ ಹಾಲು ಹೆಚ್ಚಾಗಲೆಂದು ಒಂದು ಪುಡಿ! ದಿನಕ್ಕೆರಡು ಸಲ, ಬಿಸಿ ಹಾಲಿನಲ್ಲಿ ಕಲಸಿ ಕುಡಿಯಬೇಕಂತೆ. ಹೇಳಿದ ಸುಳ್ಳು ಬಯಲಾಗಬಾರದೆಂದು ಅದನ್ನೂ ಕೊಂಡೆ. ಮನೆಗೆ ಬಂದು ಅಡುಗೆಮನೆಯ ಕಪಾಟಿನಲ್ಲಿ ಹಿಂದಕ್ಕೆ ತಳ್ಳಿ ಇಟ್ಟಾಗ ನನ್ನ ಮೇಲೆ ನನಗೇ ಹೇಸಿಕೆಯಾಯಿತು. ಹೆತ್ತಿಲ್ಲ ಎನ್ನಲು ನನಗೇಕೆ ಅಷ್ಟು ಭಯ?

ಸೋಂಕಿನ ಔಷಧ ಮುಗಿಯಿತು, ರಕ್ತ ನಿಲ್ಲಲಿಲ್ಲ. ಅದೇ ಡಾಕ್ಟರು, “ಪುಡಿ ಬದ್ಲಿ ಮಾಡ್ರಿ” ಎಂದರು. ಬದಲಿಸಿದೆವು. ಒಂದು ವಾರದ ಮೇಲೆ ಮತ್ತೊಂದು ಪುಡಿ. ಅದೂ ಆಗಲಿಲ್ಲ. ಮೂರನೆಯದಕ್ಕೆ, “ಇದರಾಗ ಲ್ಯಾಕ್ಟೋಸ್ ಇರಂಗಿಲ್ರಿ, ಖಂಡಿತ ಆಗತೈತಿ” ಎಂದು ಔಷಧ ಅಂಗಡಿಯವನೇ ಭರವಸೆ ಕೊಟ್ಟ. ಪ್ರತಿ ಡಬ್ಬಿಯ ಮೇಲೂ ನಗುವ ಕೂಸಿನದೇ ಚಿತ್ರ. ನನ್ನ ಕೂಸು ಮಾತ್ರ ದಿನದಿನಕ್ಕೆ ಸೊರಗಿ, ಕೆನ್ನೆಯ ಗುಳ್ಳೆ ಕುತ್ತಿಗೆಗೆ ಇಳಿದು, ಕೆರೆದುಕೊಳ್ಳಲು ಬಾರದೆ ತಲೆಯನ್ನು ದಿಂಬಿಗೆ ಉಜ್ಜುತ್ತಿತ್ತು.

ಸಲಹೆಗಳಿಗೇನೂ ಬರವಿರಲಿಲ್ಲ. ಕೆಳಗಿನ ಮನೆಯ ಯಜಮಾನಿ ಮರಾಠಿಯವರು. ಮೆಟ್ಟಿಲು ಇಳಿದಾಗಲೆಲ್ಲ “ಬಾಳಾಲಾ ಕಾಯ ಝಾಲಂ?” ಎಂದು ಕೇಳುವರು, ಕೂಸಿಗೇನಾಯಿತು ಎಂದು. ಉತ್ತರ ಕೇಳುವ ಮೊದಲೇ ಆಡಿನ ಹಾಲು ಕೊಡು ಎನ್ನುವರು. ನನ್ನ ಶಾಲೆಯ ಸಹೋದ್ಯೋಗಿಯೊಬ್ಬರು ದೃಷ್ಟಿ ತೆಗೆಸಲು ಹೇಳಿದರು. ಕತ್ತೆ ಹೊಡೆದುಕೊಂಡು ಓಣಿಗೆ ಬರುವ ಹಾಲಿನವಳು ನಮ್ಮ ಬಾಗಿಲಲ್ಲೇ ನಿಂತು, “ಒಂದ ಚಮಚ ಕತ್ತಿ ಹಾಲು ಹಾಕ್ರಿ ಯವ್ವಾ, ಎಂಥಾ ರೋಗ ಇದ್ರೂ ಹೊಕ್ಕೈತಿ” ಎಂದು ಕೂಗಿದಳು. ನಾನು ಬಾಗಿಲನ್ನು ಧಡ್ ಎಂದು ಮುಚ್ಚಿದೆ. ಪಾಪ, ಅವಳದೇನು ತಪ್ಪು? ಆದರೆ ಆ ದಿನಗಳಲ್ಲಿ ನನ್ನ ಸಿಟ್ಟು ಎದುರಿಗೆ ಬಂದವರ ಮೇಲೆಲ್ಲ ಹರಿಯುತ್ತಿತ್ತು.

ಶಿಶುಗೃಹಕ್ಕೆ ಫೋನು ಮಾಡಿದೆ. ಮೂರು ಸಲ ಪ್ರಯತ್ನಿಸಿದ ಮೇಲೆ ಆ ಆಯಾ ಸಿಕ್ಕಳು.

“ಅಲ್ಲಿದ್ದಾಗಲೂ ಹಿಂಗ ಆಗ್ತಿತ್ತೇನ್ರಿ?” ಎಂದೆ.

“ಅಕಿ ಮೊದ್ಲಿಂದ ಹಾಲು ಕಕ್ಕೂ ಕೂಸ ರೀ ಅಕ್ಕಾರ. ಇಲ್ಲೆ ಎಲ್ಲಾ ಕೂಸೂ ಕಕ್ಕತಾವು.”

“ರಕ್ತ?”

“ಇಪ್ಪತ್ತ ಕೂಸಿನ ಬಟ್ಟಿ ಒಮ್ಮಿಗೇ ತೊಳೀತೀವ್ರಿ, ಯಾರದಂತ ನೋಡೂಣು?” ಎಂದಳು. ಅವಳ ದನಿಯಲ್ಲಿ ತಪ್ಪಿಸಿಕೊಳ್ಳುವ ಯತ್ನವಿರಲಿಲ್ಲ, ದಣಿವಿತ್ತು. ನಾನು ಫೋನು ಇಟ್ಟೆ. ಯಾರನ್ನಾದರೂ ಬೈಯಬೇಕೆಂದು ಫೋನು ಮಾಡಿದ್ದೆ, ಬೈಯಲು ಅಲ್ಲಿಯೂ ಯಾರೂ ಸಿಗಲಿಲ್ಲ.

ಕೊನೆಗೆ ಬೆಳಗಾವಿಯ ಮಕ್ಕಳ ತಜ್ಞೆಯೊಬ್ಬರ ಹತ್ತಿರ ಹೋಗುವುದೆಂದು ನಿಶ್ಚಯಿಸಿದೆವು. ನಾನು ಮಗುವಿನೊಡನೆ ಖಾನಾಪುರದಲ್ಲಿ ಬಸ್ಸು ಹತ್ತಿದೆ. ಉದ್ಯಮಬಾಗದ ನಿಲ್ದಾಣದಲ್ಲಿ ನನ್ನ ಗಂಡ ಕೆಲಸದ ಬಟ್ಟೆಯಲ್ಲೇ ಹತ್ತಿಕೊಂಡರು. ಅಂಗಿಗೆಲ್ಲ ಮರಳಿನ ಕಪ್ಪು ಧೂಳು. ಮಗು ಅವರನ್ನು ಕಂಡು ಕೈ ಚಾಚಿತು. “ಮುಟ್ಟಬ್ಯಾಡ್ರಿ, ಮೊದ್ಲ ಮೈಯೆಲ್ಲಾ ಗುಳ್ಳಿ” ಎಂದು ನಾನು ರೇಗಿದೆ. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನ್ನ ಗಂಡ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತರು.

ತಜ್ಞೆ ವಯಸ್ಸಾದವರು. ಬಟ್ಟೆ ಬಿಚ್ಚಿಸಿ ಮಗುವಿನ ಮೈಯನ್ನೆಲ್ಲ ನಿಧಾನವಾಗಿ ನೋಡಿದರು. ಆಮೇಲೆ ಪೆನ್ನು ಹಿಡಿದು, “ನಿಮ್ಮ ಕಡೆ, ನಿಮ್ಮ ಮನಿಯವರ ಕಡೆ ಯಾರಿಗರ ದಮ್ಮು, ಇಸಬು, ಹಂಗೇನರ ಅದ ಏನ್ರಿ?” ಎಂದು ಕೇಳಿದರು.

“ಇಲ್ರಿ” ಎಂದೆ ನಾನು. ಹೇಳಿದ ಮೇಲೆ ತಿಳಿಯಿತು, ನನ್ನ ಉತ್ತರಕ್ಕೆ ಕವಡೆಯ ಬೆಲೆಯೂ ಇಲ್ಲವೆಂದು. ನಮ್ಮ ಮನೆಯಲ್ಲಿ ಇಸುಬು ಇಲ್ಲದಿದ್ದರೆ ಇವಳಿಗೇನು? ಗಂಡನ ಮುಖ ನೋಡಿದೆ. ಅವರೇ ಹೇಳಿದರು, “ದತ್ತು ತಗೊಂಡೇವ್ರಿ ಡಾಕ್ಟರ. ಅಕಿ ತಂದಿ ತಾಯಿದು ನಮಗೇನೂ ಗೊತ್ತಿಲ್ಲ.”

“ಹಂಗಾರ ಗೊತ್ತಿಲ್ಲ ಅಂತ ಬರೀತೀನಿ. ಅದರಾಗ ಅಳೂದೇನದ?” ಎಂದರು ಡಾಕ್ಟರು. ನಾನು ಅಳುತ್ತಿದ್ದೆನೆಂದು ನನಗೆ ಗೊತ್ತಾದದ್ದು ಆಗಲೇ.

ಅವರು ವಿವರಿಸಿದ್ದು ಸರಳವಾಗಿತ್ತು. ನಾವು ಬದಲಿಸಿದ ಮೂರೂ ಪುಡಿಗಳು ಆಕಳ ಹಾಲಿನವೇ. ಹೆಸರು ಬೇರೆ, ಒಳಗಿನ ಹಾಲು ಒಂದೇ. ಕೆಲವು ಕೂಸುಗಳ ಮೈಗೆ ಹಾಲಿನ ಪ್ರೋಟೀನೇ ಒಗ್ಗುವುದಿಲ್ಲ. ಇವಳದೂ ಹಾಗೇ ಇರಬಹುದು. ‘ಇರಬಹುದು’ ಎಂಬುದು ನನಗೆ ಸಾಲದು.

“ರಕ್ತ ತಪಾಸ್ ಮಾಡಿದ್ರ ಖಾತ್ರಿ ಆಗೂದಿಲ್ಲೇನ್ರಿ?” ಎಂದೆ.

“ಈ ನಮೂನಿ ಅಲರ್ಜಿ ರಕ್ತದಾಗ ಕಾಣಂಗಿಲ್ರಿ. ಹಾಲು ಬಿಟ್ಟು ನೋಡೂದ ಪರೀಕ್ಷೆ. ಎರಡ ಮೂರ ವಾರ ಒಂದು ಬ್ಯಾರೆ ಪುಡಿ ಕೊಡ್ರಿ. ಆಕಳದು, ಎಮ್ಮಿದು, ಆಡಿಂದು ಯಾವ ಹಾಲೂ ಬ್ಯಾಡ. ಕಡಿಮಿ ಆದ್ರ ಹಾಲಿಂದು ಅಂತ ತಿಳ್ಕೊಳ್ಳೂದು.”

ಆ ಬೇರೆ ಪುಡಿ ಖಾನಾಪುರದಲ್ಲಿ ಇರಲಿಲ್ಲ. ಬೆಳಗಾವಿಯಲ್ಲಿ ನಾಲ್ಕು ಅಂಗಡಿ ಸುತ್ತಿದೆವು. ಐದನೆಯವನು ತರಿಸಿಕೊಡುತ್ತೇನೆಂದು ಹೇಳಿ, ನಾಲ್ಕು ದಿನ ಕಾಯಿಸಿದ. ಆ ನಾಲ್ಕು ದಿನ ಮಗುವಿಗೆ ಏನು ಕೊಡಬೇಕು? ಒಗ್ಗದೆಂದು ತಿಳಿದ ಹಾಲನ್ನೇ ಕೊಟ್ಟೆ. ಪ್ರತಿ ಬಾಟಲಿಯನ್ನೂ ವಿಷ ಕಲಸುವವಳಂತೆ ಕಲಸಿದೆ.

ಹೊಸ ಡಬ್ಬಿ ಬಂತು. ಮುಚ್ಚಳ ತೆಗೆದರೆ ನೆನೆಸಿಟ್ಟು ಮರೆತ ಬೇಳೆಯ ವಾಸನೆ. ನಾಲಗೆಗೆ ಹಚ್ಚಿ ನೋಡಿದೆ, ಕಹಿ. ಅಷ್ಟು ಹೊತ್ತಿಗೆ ನನ್ನ ರಜೆ ಮುಗಿಯುತ್ತ ಬಂದಿದ್ದರಿಂದ ನನ್ನ ಅತ್ತೆ ತಮ್ಮೂರು ಪಾರಿಶ್ವಾಡದಿಂದ ಬಂದು ನಮ್ಮಲ್ಲಿಯೇ ಉಳಿದಿದ್ದರು. ಅವರು ಡಬ್ಬಿ ಮೂಸಿ ಮುಖ ಕಿವುಚಿದರು.

“ಇದನ್ನ ನಾಯಿನೂ ಮೂಸಂಗಿಲ್ಲ, ಕೂಸು ಹೆಂಗ ಕುಡೀಬೇಕವಾ?”

ಕೂಸು ಕುಡಿಯಲೇ ಇಲ್ಲ. ಬಾಟಲಿ ಕಂಡರೆ ತುಟಿ ಬಿಗಿದುಕೊಂಡಿತು. ಎರಡು ದಿನ ಅತ್ತೆ ಮತ್ತು ನಾನು ಸರದಿಯ ಮೇಲೆ ಚಮಚದಲ್ಲಿ, ಒಂದೊಂದೇ ಹನಿ, ಲಾಲಿ ಹಾಡಿ, ಬೆದರಿಸಿ, ಬೇಡಿ ಕುಡಿಸಿದೆವು. ಮೂರನೆಯ ದಿನ ಹಸಿವು ಗೆದ್ದಿತು. ಅವಳು ಪೂರ್ತಿ ಬಾಟಲಿ ಖಾಲಿ ಮಾಡಿದಳು. ಅತ್ತೆ ಅವಳ ಕಾಲು ಮುಟ್ಟಿ ತಮ್ಮ ಹಣೆಗೆ ಒತ್ತಿಕೊಂಡರು.

ನಾನು ಶಾಲೆಗೆ ಹೋಗತೊಡಗಿದೆ. ಹೋಗುವ ಮುನ್ನ ದಿನವೂ ಅದೇ ಮಾತು, “ಅತ್ತಿ, ಹಾಲು ಮಾತ್ರ ಕೊಡಬ್ಯಾಡ್ರಿ.” “ಇಲ್ಲವಾ, ನನಗೇನು ತಿಳಿಯಂಗಿಲ್ಲೇನು?” ಎನ್ನುವರು. ಅತ್ತೆಯ ಆರೈಕೆಯಲ್ಲಿ ಎಣ್ಣೆ ಹಚ್ಚುವುದು, ಎರೆಯುವುದು, ಬಜೆ ಜಾಜಿಕಾಯಿ ತೇಯ್ದು ಗುಟ್ಟಿ ಹಾಕುವುದು, ಲೋಬಾನದ ಹೊಗೆ ತೋರಿಸುವುದು, ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆಯುತ್ತಿತ್ತು.

ಎರಡು ವಾರ ಕಳೆಯಿತು. ಕಕ್ಕುವುದು ಕಡಿಮೆಯಾಯಿತು. ಆದರೆ ಎರಡು ದಿನಕ್ಕೊಮ್ಮೆ ರಕ್ತದ ಎಳೆ ಕಾಣುತ್ತಲೇ ಇತ್ತು. ಕೆನ್ನೆ ಮಾಯುತ್ತ ಬಂದು ಮತ್ತೆ ಕೆಂಪಾಗುವುದು. ಡಾಕ್ಟರಿಗೆ ಫೋನು ಮಾಡಿದೆ. “ಇನ್ನೊಂದ ವಾರ ನೋಡೂಣು. ಆಮ್ಯಾಲೂ ಹಿಂಗ ಇದ್ರ ಹಾಲಿಂದಲ್ಲ ಅಂತ ಬ್ಯಾರೆ ತಪಾಸ್ ಮಾಡಬೇಕಾಗತದ. ನಳಿಗಿ ಹಾಕಿ ಒಳಗ ನೋಡೂದು” ಎಂದರು. ಆ ದಿನ ಹತ್ತನೆಯ ತರಗತಿಗೆ ಸಮೀಕರಣ ಬಿಡಿಸುತ್ತ ಹಲಗೆಯ ಮೇಲೆ ಒಂದೇ ಸಾಲನ್ನು ಎರಡು ಸಲ ಬರೆದೆ. ಹುಡುಗಿಯರು ನಕ್ಕರು. ನಾನು ಇಡೀ ತರಗತಿಯನ್ನು ನಿಲ್ಲಿಸಿ ಬೈದೆ.

ಆ ವಾರದ ಭಾನುವಾರ ಬೆಳಿಗ್ಗೆ. ಅತ್ತೆ ಮಗುವಿಗೆ ಎರೆದು ಪಡಸಾಲೆಯಲ್ಲಿ ಕುಳಿತಿದ್ದರು. ನಾನು ಒಣಗಿದ ಕುಂಚಿಗೆ ತಂದುಕೊಡಲು ಹೋದೆ. ಅವರ ಮುಂದೆ ಗುಟ್ಟಿ ತೇಯುವ ಕಲ್ಲು. ಬಜೆ, ಜಾಜಿಕಾಯಿ, ಮಾಚಿಕಾಯಿ, ಉತ್ತತ್ತಿ, ಒಂದೊಂದನ್ನೂ ನಾಲ್ಕು ನಾಲ್ಕು ಸುತ್ತು ತೇಯ್ದು ಬೆಳ್ಳಿಯ ಒಳಲೆಗೆ ಬಳಿದುಕೊಳ್ಳುತ್ತಿದ್ದರು. ಕಲ್ಲಿನ ಮೇಲಿನ ನೀರು ಬೆಳ್ಳಗಿತ್ತು.

“ಅತ್ತಿ, ಇದ್ಯಾಕ ಬೆಳ್ಳಗೈತಿ?”

“ಹಾಲಿನ್ಯಾಗ ತೇಯ್ದೀನಿ. ಬರೇ ನೀರಾಗ ತೇಯ್ದ್ರ ಕೂಸಿಗೆ ಥಂಡಿ ಆಗತೈತಿ.”

“ದಿನಾ ಹಿಂಗ ತೇಯ್ತೀರಿ?”

“ಬಂದಾಗಿಂದ ದಿನಾ. ಯಾಕ?”

“ಹಾಲು ಕೊಡಬ್ಯಾಡ್ರಿ, ಹಾಲು ಕೊಡಬ್ಯಾಡ್ರಿ ಅಂತ ಎಷ್ಟ ಸರ್ತಿ ಬಡ್ಕೊಂಡೀನಿ!”

“ನಾ ಎಲ್ಲಿ ಹಾಲು ಕೊಟ್ಟೀನವಾ? ಗುಟ್ಟಿ ಕೊಟ್ಟೀನಿ!”

ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರ ಪಾಲಿಗೆ ಹಾಲೆಂದರೆ ಬಾಟಲಿಯಲ್ಲಿ, ಲೋಟದಲ್ಲಿ ಕುಡಿಯುವಂಥದ್ದು. ಗುಟ್ಟಿ ಔಷಧ. ಇದು ಈಗ ಬರೆಯುವಾಗ ಅರ್ಥವಾಗುತ್ತದೆ. ಆಗ ಆಗಲಿಲ್ಲ. ನಾನು ಕಲ್ಲನ್ನು ಕಾಲಿಂದ ಸರಿಸಿ, ಮಗುವನ್ನು ಅವರ ತೊಡೆಯಿಂದ ಎಳೆದುಕೊಂಡು ಕಿರುಚಿದೆ, “ನನ್ನ ಮಗಳನ್ನ ಕೊಲ್ಲಾಕ ನಿಂತೀರೇನು ನೀವು?”

ಕೆಳಗಿನ ಮನೆಯಲ್ಲಿ ಟೀವಿಯ ಸದ್ದು ನಿಂತಿತು. ಅತ್ತೆ ಒಳಲೆಯನ್ನು ಮೆಲ್ಲಗೆ ನೆಲಕ್ಕಿಟ್ಟು, “ನಿನ್ನ ಮಗಳು. ನನಗೇನೂ ಅಲ್ಲ?” ಎಂದರು. ಅಷ್ಟೇ. ಮಧ್ಯಾಹ್ನದ ಬಸ್ಸಿಗೆ ಪಾರಿಶ್ವಾಡಕ್ಕೆ ಹೊರಟುಹೋದರು. ಊಟವನ್ನೂ ಮಾಡಲಿಲ್ಲ.

ಅವರನ್ನು ಬಸ್ಸು ಹತ್ತಿಸಿ ಬಂದ ನನ್ನ ಗಂಡ ಬಾಗಿಲಲ್ಲೇ ನಿಂತರು.

“ಡಾಕ್ಟರ್ ಹೇಳಿದ್ದೆಲ್ಲಾ ನಾವಿಬ್ರೂ ಕೇಳೇವಿ. ಅವ್ವಗ ಏನ ಹೇಳಿದಿ? ಹಾಲು ಬ್ಯಾಡ ಅಂದಿ, ಸಾಲಿಗೆ ಹೋದಿ. ಗುಟ್ಟಿ ವಿಚಾರ ಒಂದ ದಿನಾನೂ ಕೇಳಿಲ್ಲ.”

“ನೀವು ಕೇಳಿದ್ರೇನು? ದಿನಾ ಮುಂಜಾನೆ ನಿಮ್ಮ ಕಣ್ಣ ಮುಂದ ತೇಯ್ತಿದ್ರು!”

“ನೋಡೀನಿ. ಹಾಲಿನ ವಾಟಗಾ ನಾನ ತಂದ ಕೊಟ್ಟೀನಿ. ನನಗೂ ಹೊಳೀಲಿಲ್ಲ.”

ಅವರು ಹೇಳಿದ್ದು ಸರಿ ಎಂಬುದೇ ನನ್ನ ಸಿಟ್ಟನ್ನು ಹೆಚ್ಚಿಸಿತು. ಆ ವಾರ ನಾವು ಮಗುವಿಗೆ ಸಂಬಂಧಿಸಿದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ನಾನು ಮತ್ತೆ ರಜೆ ಹಾಕಿದೆ. ಮುಖ್ಯಾಧ್ಯಾಪಕರು ಅರ್ಜಿಯನ್ನು ಎರಡು ಬೆರಳಲ್ಲಿ ಹಿಡಿದು, “ಪರೀಕ್ಷೆ ಹತ್ರ ಬಂತ್ರಿ ಅಕ್ಕೋರ” ಎಂದರು. ಬಂದರೆ ಬರಲಿ ಎಂದುಕೊಂಡು ಎದ್ದು ಬಂದೆ.

ಗುಟ್ಟಿ ನಿಲ್ಲಿಸಿದ ಐದನೆಯ ದಿನದಿಂದ ರಕ್ತ ಕಾಣಲಿಲ್ಲ. ಏಳನೆಯ ದಿನ, ಹತ್ತನೆಯ ದಿನ, ಇಲ್ಲ. ಕೆನ್ನೆಯ ಚರ್ಮ ಹೊಟ್ಟಿನಂತೆ ಉದುರಿ ಒಳಗಿಂದ ಮೆತ್ತನೆಯ ಹೊಸ ಚರ್ಮ ಬಂತು. ಮಗು ನಿದ್ದೆಯಿಂದೆದ್ದು ಅಳದೆ ತನ್ನ ಕಾಲ ಬೆರಳು ಹಿಡಿದುಕೊಂಡು ಆಡುತ್ತಿದ್ದುದನ್ನು ನಾನು ಮೊದಲ ಬಾರಿ ನೋಡಿದ್ದು ಆಗ. ಸಂತೋಷವಾಗಬೇಕಿತ್ತು. ಆದರೆ ನನ್ನ ಎದೆಯಲ್ಲಿ ಇದ್ದದ್ದು ಕಳೆದುಹೋದ ತಿಂಗಳುಗಳ ಲೆಕ್ಕ ಮಾತ್ರ. ಮೊದಲೇ ಸರಿಯಾದ ಪುಡಿ ಸಿಕ್ಕಿದ್ದರೆ, ನಾನು ಮೊದಲ ದಿನವೇ ಸುಳ್ಳು ಹೇಳದಿದ್ದರೆ, ಗುಟ್ಟಿಯ ಕಲ್ಲನ್ನು ಒಮ್ಮೆ ಬಗ್ಗಿ ನೋಡಿದ್ದರೆ.

ಹನ್ನೆರಡನೆಯ ದಿನ ಮಗುವನ್ನು ಕರೆದುಕೊಂಡು ಪಾರಿಶ್ವಾಡಕ್ಕೆ ಹೋದೆ. ಅತ್ತೆ ಕಟ್ಟೆಯ ಮೇಲೆ ಕುಳಿತು ಪಕ್ಕದ ಮನೆಯ ಹೆಂಗಸಿನೊಡನೆ ಶೇಂಗಾ ಸುಲಿಯುತ್ತಿದ್ದರು. ನನ್ನನ್ನು ನೋಡಲಿಲ್ಲ, ಮಗುವನ್ನು ನೋಡಿದರು. ಕೆನ್ನೆ ಸವರಿದರು. ನಾನು ಕ್ಷಮೆ ಕೇಳಬೇಕೆಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಬಂದಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಮನೆಯವಳು, “ಏನರ ಅನ್ನು, ಹಡದಾಕಿ ಎದಿ ಹಾಲು ಕುಡದಿದ್ರ ಈ ಕೂಸಿಗೆ ಇದೆಲ್ಲಾ ಆಗ್ತಿರ್ಲಿಲ್ಲ” ಎಂದಳು.

ಅತ್ತೆ ಶೇಂಗಾದ ಮೊರ ಬದಿಗಿಟ್ಟರು.

“ನನ್ನ ಮಗಾ ಎರಡ ವರ್ಷ ನನ್ನ ಎದಿ ಹಾಲು ಕುಡದಾನ. ಅವಗ ಐದ ವರ್ಷ ಆಗೂ ತನಕ ಮೊಣಕಾಲ ಹಿಂದ ಇಸಬು ಇತ್ತು, ನಿನಗ ನೆನಪಿಲ್ಲ? ನೀನ ಬೇವಿನ ತಪ್ಪಲಾ ತಂದ ಕೊಟ್ಟಿದ್ದಿ. ಸುಮ್ನ ಶೇಂಗಾ ಸುಲಿ.”

ಆಮೇಲೆ ನನ್ನ ಕಡೆ ತಿರುಗಿದರು. “ನೀ ಬೈದಿದ್ದಕ್ಕ ಸಿಟ್ಟಿಲ್ಲ ನನಗ. ಆದ್ರ ಅರ್ಧಾ ಮಾತು ಹೇಳಿ ಪೂರ್ತಿ ತಪ್ಪು ನನ್ನ ಮ್ಯಾಲ ಹಾಕಿದಿ. ಏನೇನ ಬ್ಯಾಡ, ಎಲ್ಲಾ ಈಗ ಹೇಳು.”

ಹೇಳಿದೆ. ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ, ಪೇಢೆ, ಬಿಸ್ಕೀಟು, ಬ್ರೆಡ್ಡು. ಒಂದೊಂದಕ್ಕೂ ಅವರು ಬೆರಳು ಮಡಚಿದರು. ತುಪ್ಪದ ಹತ್ತಿರ ಮಾತ್ರ, “ತುಪ್ಪಾನೂ?” ಎಂದು ಕೇಳಿ ನಿಟ್ಟುಸಿರು ಬಿಟ್ಟರು. ಮರುದಿನ ನಮ್ಮ ಜೊತೆ ಹಿಂದಿರುಗಿದರು. ಕ್ಷಮೆ ಕೇಳುವ ಮಾತು ಮಾತ್ರ ನನ್ನಿಂದ ಆಗಲೇ ಇಲ್ಲ, ಅವರೂ ಅದಕ್ಕೆ ಕಾಯಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಅತ್ತೆ ನನಗಿಂತ ಬಿಗಿಯಾದರು. ಮಗಳಿಗೆ ಲಿಂಗಧಾರಣೆ ಮಾಡಿಸಿದ ದಿನ ಅಯ್ಯನವರು ಚಮಚ ಹಿಡಿದು ಮಗುವಿನ ಬಾಯಿಯ ಹತ್ತಿರ ತಂದರೆ, ಇವರು ಕೈ ಅಡ್ಡ ಹಿಡಿದು, “ಹಾಲೈತೇನ್ರಿ ಅಯ್ಯಾರ ಅದರಾಗ?” ಎಂದು ಕೇಳಿಯೇಬಿಟ್ಟರು. ಅಯ್ಯನವರು ನಕ್ಕು ನೀರಿನ ಹನಿ ಹಾಕಿದರು. ನನಗೆ ನಗಲಾಗಲಿಲ್ಲ. ಮದುವೆಗೆ ಹೋದರೆ ಭಯ, ಹುಟ್ಟುಹಬ್ಬಕ್ಕೆ ಹೋದರೆ ಭಯ. ಪ್ರೀತಿಯಿಂದ ಯಾರಾದರೂ ಮಗುವಿನ ಬಾಯಿಗೆ ಏನಾದರೂ ಇಟ್ಟುಬಿಡುತ್ತಾರೆಂಬ ಭಯ. “ಇಷ್ಟಷ್ಟಕ್ಕೆ ಏನೂ ಆಗಂಗಿಲ್ಲ” ಎಂಬ ಮಾತು ಕೇಳಿದರೆ ಈಗಲೂ ನನ್ನ ಮೈ ಉರಿಯುತ್ತದೆ.

ಮಗಳಿಗೆ ಹದಿನಾಲ್ಕು ತಿಂಗಳಾದಾಗ ಡಾಕ್ಟರು, “ಈಗ ಹಾಲು ಕೊಟ್ಟು ನೋಡೂಣು. ನನ್ನ ಕಣ್ಣ ಮುಂದ ಕೊಡ್ರಿ” ಎಂದು ಕರೆಸಿದರು. ಬೆಳಗಾವಿಗೆ ಅತ್ತೆಯೂ ಬಂದರು. ಕಾಯಿಸಿ ಆರಿಸಿದ ಆಕಳ ಹಾಲಿನಲ್ಲಿ ಮೊದಲು ಒಂದು ಹನಿ, ಅರ್ಧ ಗಂಟೆ ಬಿಟ್ಟು ಒಂದು ಚಮಚ, ಆಮೇಲೆ ಅರ್ಧ ಬಟ್ಟಲು. ಮಧ್ಯಾಹ್ನದ ತನಕ ಅಲ್ಲೇ ಬೆಂಚಿನ ಮೇಲೆ ಕುಳಿತು ಅವಳ ಮುಖ ನೋಡುತ್ತಿದ್ದೆವು. ಏನೂ ಆಗಲಿಲ್ಲ. ಮನೆಯಲ್ಲಿ ಎರಡು ವಾರ ಕೊಟ್ಟು ನೋಡಿದೆವು. ಆಗಲೂ ಏನೂ ಆಗಲಿಲ್ಲ.

ಅತ್ತೆಯೊಡನೆ ಮತ್ತೆ ತೋರಿಸಲು ಹೋದಾಗ ಡಾಕ್ಟರು ಫೈಲು ಮುಚ್ಚುತ್ತ, “ಆತು, ಇನ್ನ ಎಲ್ಲಾ ಕೊಡ್ರಿ” ಎಂದರು.

“ಹಂಗಾರ ಇಕಿಗೆ ಅಲರ್ಜಿ ಇತ್ತು ಅಂತ ಖಾತ್ರಿ ಆತೇನ್ರಿ?”

“ಇದ್ದಿರಬೇಕು. ಬಹಳ ಕೂಸುಗಳಿಗೆ ವರ್ಷ ತುಂಬಿದ ಮ್ಯಾಲ ತಾನ ಹೋಗತದ.”

“ಇದ್ದಿರಬೇಕು ಅಂದ್ರ? ಇತ್ತೋ ಇಲ್ಲೋ?”

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಕೂಸು ಆರಾಮ ಅದಲ್ರಿ. ನಿಮಗಿನ್ನ ಏನ ಬೇಕು?”

ನಾನು ಮಗಳನ್ನು ಎತ್ತಿಕೊಂಡೆ. ಎದ್ದು ಹೊರಗೆ ಬಂದೆವು. ಬಸ್ಸಿನಲ್ಲಿ ಅತ್ತೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕಿಟಕಿಯಲ್ಲಿ ಕಂಡ ಎಮ್ಮೆಗಳನ್ನು ತೋರಿಸುತ್ತಿದ್ದರು. ಉದ್ಯಮಬಾಗ ದಾಟುವಾಗ ಗಂಡನ ಫೋನು ಬಂತು.

“ಏನಂದ್ರು?”

“ಎಲ್ಲಾ ಕೊಡ್ರಿ ಅಂದ್ರು.”

“ಛಲೋ ಆತು. ಮತ್ತ, ಅಕಿಗೆ ಆಗಿದ್ದೇನಂತ?”

“ಖಾತ್ರಿ ಇಲ್ಲಂತ” ಎಂದು ಹೇಳಿ ಫೋನು ಚೀಲದೊಳಗೆ ಹಾಕಿಕೊಂಡೆ.